ಹಂದಿಯ ಕರುಳಿನ ಒಕ್ಕಲು



ವರಾಹವು ಚಾಲುಕ್ಯ ಅರಸರ ಲಾಂಛನ. ಕ್ರಿ.ಶ. 578ರ ಬಾದಾಮಿಯ ಮೂರನೆಯ ಗುಹೆಯಲ್ಲಿ ಭೂವರಾಹಮೂರ್ತಿಯನ್ನು ಕಂಡು ಕೈಮುಗಿಯುವ ನಾವೇ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಗಟಾರದ ಬದಿಗೆ ಹಂದಿಯನ್ನು ಕಂಡರೆ ಮೂಗು ಮುಚ್ಚಿಕೊಳ್ಳುತ್ತೇವೆ. ವಿಜ್ಞಾನಿಗಳಿಗೆ ಆ ಸಂಕೋಚವಿಲ್ಲ. ಹಂದಿಯ ಪಚನಕ್ರಿಯೆಯು ಬಹುಮಟ್ಟಿಗೆ ಮನುಷ್ಯನದನ್ನು ಹೋಲುವುದರಿಂದ, ಅದರ ಕರುಳಿನಲ್ಲಿ ಒಕ್ಕಲಾಗಿರುವ ಬ್ಯಾಕ್ಟೀರಿಯಾಗಳ ಪರಿಚಯವು ನಮಗೂ ಬೇಕಾದುದೇ.

ಕಣ್ಣಿಗೆ ಕಾಣದ ಈ ಜೀವಿಗಳನ್ನು ಅರಿಯುವುದು ಹೇಗೆ? ಮೊದಲ ದಾರಿ ಬೆಳೆಸಿ ನೋಡುವುದು. ಹಾಲಿಗೆ ಹೆಪ್ಪು ಹಾಕಿದಂತೆ, ಹಂದಿಯ ಮಲದ ಕಣವನ್ನು ಪೋಷಕ ದ್ರವ್ಯದಲ್ಲಿ ಬೆರೆಸಿ ಬೆಚ್ಚಗೆ ಇಡುತ್ತಾರೆ. ಆದರೆ ದೊಡ್ಡ ಕರುಳಿನ ಬಹುಪಾಲು ಜೀವಿಗಳಿಗೆ ಗಾಳಿಯ ಆಮ್ಲಜನಕವೇ ವಿಷ. ತೆರೆದ ತಟ್ಟೆಯಲ್ಲಿ ಬೆಳೆದುದನ್ನಷ್ಟೇ ಕಂಡವನು ಉಳಿದವು ಇಲ್ಲವೇ ಇಲ್ಲವೆಂದುಕೊಂಡಾನು. ದನಗಳ ಹೊಟ್ಟೆಯ ಜೀವಿಗಳನ್ನು ಅಭ್ಯಸಿಸುತ್ತಿದ್ದ ಅಮೆರಿಕದ ರಾಬರ್ಟ್ ಹಂಗೇಟ್ ಅವರು 1950ರ ಸುಮಾರಿಗೆ ಇದಕ್ಕೊಂದು ಉಪಾಯ ತೋರಿಸಿದರು: ಆಮ್ಲಜನಕವನ್ನು ಹೊರದೂಡಿದ ಗಾಜಿನ ಕೊಳವೆಯನ್ನು ಉರುಳಿಸಿ, ಒಳಗೋಡೆಗೆ ಪೋಷಕ ದ್ರವ್ಯದ ತೆಳುಲೇಪ ಹಿಡಿಸಿ, ಅದರ ಮೇಲೆ ಬೆಳೆಸುವುದು.

ಎರಡನೆಯ ದಾರಿ ಬೆಳೆಸದೆಯೇ ಓದುವುದು. ಅಕ್ಷರದ ತಿರುವು ನೋಡಿ ಶಾಸನದ ಕಾಲವನ್ನು ಹೇಳುವಂತೆ, ಎಲ್ಲ ಬ್ಯಾಕ್ಟೀರಿಯಾಗಳಲ್ಲಿಯೂ ಇರುವ 16ಎಸ್ ಎಂಬ ವಂಶವಾಹಿಯ ವ್ಯತ್ಯಾಸಗಳಿಂದ ಅವುಗಳ ಕುಲವನ್ನು ಗುರುತಿಸುತ್ತಾರೆ. ಎಲ್ಲ ವಂಶವಾಹಿಗಳನ್ನೂ ಒಟ್ಟಿಗೆ ಓದುವುದೂ ಉಂಟು. ಫ್ರಾನ್ಸ್, ಡೆನ್ಮಾರ್ಕ್, ಚೀನಗಳ 287 ಹಂದಿಗಳಿಂದ ಹೀಗೆ 77 ಲಕ್ಷ ವಂಶವಾಹಿಗಳ ಪಟ್ಟಿಯೊಂದು 2016ರಲ್ಲಿ ಪ್ರಕಟವಾಯಿತು. ಆದರೂ ಓದಿದ ಜೀವಿ ಬದುಕಿತ್ತೋ ಸತ್ತಿತ್ತೋ ಎಂಬುದನ್ನು ಈ ಓದು ಹೇಳದು. ಆದುದರಿಂದ ಎರಡು ದಾರಿಗಳೂ ಬೇಕು.

ಇದರಿಂದ ನಮಗೇನು ಎನ್ನುವಿರಾ? ಕೊಲಿಸ್ಟಿನ್ ಎಂಬುದು ಬೇರೆ ಔಷಧಿಗಳು ಸೋತಾಗ ವೈದ್ಯರು ಕೊನೆಗೆ ಕೈಗೆತ್ತಿಕೊಳ್ಳುವ ಔಷಧಿ. ಅದಕ್ಕೆ ಜಗ್ಗದಂತೆ ಮಾಡುವ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ವಂಶವಾಹಿಯನ್ನು ಚೀನದಲ್ಲಿ ಕಂಡುಹಿಡಿದ ಸುದ್ದಿ 2015ರಲ್ಲಿ ಹೊರಬಂದಿತು. ಬೆಳೆಸುವುದು, ಓದುವುದು ಎರಡರಿಂದಲೂ ಅದು ಪತ್ತೆಯಾಯಿತು. ಹಂದಿಗಳಲ್ಲಿ ಮಾತ್ರವಲ್ಲ, ರೋಗಿಗಳಲ್ಲಿಯೂ ಸಿಕ್ಕಿತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ಭಾರತ ಸರಕಾರವು 2019ರ ಜುಲೈಯಲ್ಲಿ ನಿಷೇಧಿಸಿತು.

ಈ ಮಾತು ಹಂದಿ ಸಾಕುವವರಿಗಷ್ಟೇ ಅಲ್ಲ. ನಮ್ಮ ಕಬ್ಬಿನ ಸೀಮೆಯಲ್ಲಿ ಎಮ್ಮೆ, ಆಡು, ಕೋಳಿಗಳಿಲ್ಲದ ಊರಿಲ್ಲ. ಅವು ಮೇವು ಬಿಟ್ಟಾಗ ನೆರೆಯವರು ಹೇಳಿದ ಗುಳಿಗೆಯನ್ನು ತಂದು ಹಾಕಬೇಡಿರಿ. ಪಶುವೈದ್ಯರಿಗೆ ತೋರಿಸಿ, ಅವರು ಬರೆದುಕೊಟ್ಟುದನ್ನು ಬರೆದುಕೊಟ್ಟಷ್ಟು ದಿನ ಕೊಡಿರಿ. ಮನೆಯ ಮಕ್ಕಳ ವಿಷಯದಲ್ಲಿಯೂ ಇದೇ ಕ್ರಮವಿರಲಿ.