ಕಾಣದ ರಾತ್ರಿಯ ಲೆಕ್ಕ

ಹೊಸಕೋಟೆ ಅಂದರೆ ಈಚೆಗೆ ಹಲವರಿಗೆ ನೆನಪಾಗುವುದು ಬೆಳಗಿನ ಜಾವದ ಬಿರಿಯಾನಿ. ನಾಲ್ಕು ಗಂಟೆಗೇ ಸಾಲು ನಿಲ್ಲುವವರಿದ್ದಾರೆ. ಅದೇ ಹೊತ್ತಿಗೆ ಅಲ್ಲಿನ ಶಿಡ್ಲಘಟ್ಟ ರಸ್ತೆಯಲ್ಲಿ ರಾತ್ರಿ ಪಾಳಿ ಇನ್ನೂ ಮುಗಿಯದವರೂ ಇರುತ್ತಾರೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಕೇಂದ್ರ ಇರುವುದು ಅಲ್ಲಿ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ದೂರದರ್ಶಕವನ್ನು ಉಪಗ್ರಹದ ಸಂಪರ್ಕದಿಂದ ಇಲ್ಲಿ ಕುಳಿತೇ ನಡೆಸುತ್ತಾರೆ.

ಅಷ್ಟು ದೊಡ್ಡ ಕಣ್ಣಿಗೂ ಒಗ್ಗದ ಕೆಲಸವೊಂದಿದೆ. ಕುಬ್ಜ ನೋವಾ, ಅಂದರೆ ಆಗಾಗ ಒಮ್ಮೆಲೇ ಬೆಳಗುವ ನಕ್ಷತ್ರ, ಯಾವಾಗ ಭುಗಿಲೇಳುತ್ತದೋ ಎಂದು ಕಾಯುವುದು. ದೂರದರ್ಶಕದ ರಾತ್ರಿಗಳನ್ನು ಮೊದಲೇ ಹಂಚಿರುತ್ತಾರೆ. ನಕ್ಷತ್ರ ಆ ಪಟ್ಟಿ ನೋಡಿಕೊಂಡು ಉರಿಯುವುದಿಲ್ಲ.

ರಾಜಹಂಸ ಪುಂಜದ ಎಸ್‌ಎಸ್ ಸಿಗ್ನಿಯನ್ನೇ ನೋಡಿ. 1896ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ಲೂಯಿಸಾ ವೆಲ್ಸ್ ಇದನ್ನು ಗುರುತಿಸಿದರು. ವಾಸ್ತವದಲ್ಲಿ ಅಲ್ಲಿರುವುದು ಎರಡು ನಕ್ಷತ್ರ. ಆರೂವರೆ ಗಂಟೆಗೊಮ್ಮೆ ಒಂದನ್ನೊಂದು ಸುತ್ತುತ್ತವೆ. ಒಂದು ಶ್ವೇತಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ದಟ್ಟ ತಿರುಳು. ಅದು ಜೊತೆಗಾರನಿಂದ ಎಳೆದುಕೊಂಡ ಅನಿಲ ನೇರವಾಗಿ ಮೇಲೆ ಬೀಳದೆ ಸುತ್ತಲೂ ತಟ್ಟೆಯಾಗಿ ತಿರುಗುತ್ತಾ ಕೆರೆಯ ನೀರಿನಂತೆ ಸೇರುತ್ತದೆ. ಹಾಗೆಂದು ತುಂಬಿದ ಮೇಲೆ ಕೋಡಿ ಬೀಳುವುದಿಲ್ಲ, ತೂಬೇ ತೆರೆದುಕೊಳ್ಳುತ್ತದೆ. ಅನಿಲ ಕಾದು, ಹೈಡ್ರೋಜನ್ ತನ್ನ ಎಲೆಕ್ಟ್ರಾನು ಕಳಚಿಕೊಂಡಾಗ ಒಳಗಿನ ಘರ್ಷಣೆ ಒಮ್ಮೆಲೇ ಹೆಚ್ಚುತ್ತದೆ. ಕೂಡಿಟ್ಟದ್ದರಲ್ಲಿ ಒಂದು ಪಾಲು ಒಳಕ್ಕೆ ಧುಮುಕುತ್ತದೆ, ಬೆಳಕು ಸುಮಾರು ನಲವತ್ತು ಪಟ್ಟು ಏರುತ್ತದೆ. ಸರಾಸರಿ ಐವತ್ತು ದಿನಕ್ಕೊಮ್ಮೆ, ಆದರೆ ಸರಾಸರಿಯನ್ನು ನಂಬಿ ಕೂತವರು ಎಷ್ಟೋ ಸಲ ಬೇಸ್ತು ಬಿದ್ದಿದ್ದಾರೆ.

ಈ ಏರಿಳಿತವನ್ನು ಅಳೆಯುವ ಅಳತೆಗೋಲನ್ನು, ಅಂದರೆ ಐದು ಮೆಟ್ಟಿಲಿಗೆ ನೂರು ಪಟ್ಟು ಬೆಳಕು ಎಂಬ ಲೆಕ್ಕವನ್ನು, 1856ರಲ್ಲಿ ಸೂಚಿಸಿದವರು ನಾರ್ಮನ್ ಪಾಗ್ಸನ್. ಅದರ ಹಿಂದಿನ ಡಿಸೆಂಬರಿನಲ್ಲಷ್ಟೇ ಪತ್ತೆಯಾಗಿದ್ದ ಮೊದಲ ಕುಬ್ಜ ನೋವಾ, ಮಿಥುನ ಪುಂಜದ ಯು ಜೆಮಿನೋರಮ್‌ನ ಬೆನ್ನು ಹತ್ತಿದವರೂ ಅವರೇ. 1861ರಲ್ಲಿ ಮದರಾಸು ವೀಕ್ಷಣಾಲಯಕ್ಕೆ ಬಂದು 1891ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಅವರ ಸಹಾಯಕ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ, ಬೆಳಕು ಏರಿಳಿಯುವ ಆರ್ ರೆಟಿಕ್ಯುಲಿ ನಕ್ಷತ್ರವನ್ನು ಕಂಡುಹಿಡಿದರು. ಆ ವೀಕ್ಷಣಾಲಯವೇ ಕೊಡೈಕೆನಾಲಿಗೆ ಹೋಗಿ, ಮುಂದೆ ಬೆಂಗಳೂರಿನ ಸಂಸ್ಥೆಯಾಗಿ, ಹೊಸಕೋಟೆಯವರೆಗೆ ಬಂದಿದೆ.

ಕಾಯುವ ಕೆಲಸವನ್ನು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಸಿಕೊಂಡು ಬಂದವರಲ್ಲಿ ಬಹುಪಾಲು ಹವ್ಯಾಸಿಗಳು. ಅವರ ಪುಸ್ತಕಗಳಲ್ಲಿ ನನಗೆ ಹೆಚ್ಚು ಹಿಡಿಸುವುದು ಏನೂ ಆಗದ ರಾತ್ರಿಯ ಸಾಲುಗಳು. ‘ಇಷ್ಟು ಮಸುಕಾದ ನಕ್ಷತ್ರದವರೆಗೆ ಕಂಡಿತು, ಇದು ಕಾಣಲಿಲ್ಲ’ ಎಂದು ಬರೆದಿರುತ್ತಾರೆ. ಆ ಸಾಲಿಲ್ಲದಿದ್ದರೆ ಭುಗಿಲು ಎಂದು ಶುರುವಾಯಿತೆಂದು ಹೇಳುವುದು ಹೇಗೆ?

ಈ ಕಾವಲಿನ ಬೆಲೆ 2013ರಲ್ಲಿ ತಿಳಿಯಿತು. ಹಬಲ್ ದೂರದರ್ಶಕ ಎಸ್‌ಎಸ್ ಸಿಗ್ನಿಯನ್ನು ಐನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿಟ್ಟಿತ್ತು. ಅದು ನಿಜವಾದರೆ ನಕ್ಷತ್ರದ ಅಸಲಿ ಬೆಳಕು ಲೆಕ್ಕಕ್ಕಿಂತ ತೀರಾ ಹೆಚ್ಚಾಗಿ, ತಟ್ಟೆಯ ಸಿದ್ಧಾಂತವೇ ಕುಸಿಯುತ್ತಿತ್ತು. ರೇಡಿಯೋ ದೂರದರ್ಶಕಗಳಿಂದ ಅಳೆದು ನೋಡೋಣವೆಂದರೆ, ಭುಗಿಲೆದ್ದಾಗ ಮಾತ್ರ ಅವುಗಳಿಗೆ ಈ ನಕ್ಷತ್ರ ಸಿಗುತ್ತದೆ. ಎದ್ದಿತು ಎಂದು ಸುದ್ದಿ ಕೊಟ್ಟವರು ಹಿತ್ತಲಲ್ಲಿ ನಿಂತ ಹವ್ಯಾಸಿಗಳು. ಸುಮಾರು 370 ಜ್ಯೋತಿರ್ವರ್ಷ ಎಂಬ ಉತ್ತರ ಬಂತು, ಸಿದ್ಧಾಂತ ಉಳಿಯಿತು.

ದೊಡ್ಡಬಳ್ಳಾಪುರದ ಕಡೆಯವರಿಗೆ ಒಂದು ಅನುಕೂಲವಿದೆ: ಬೆಂಗಳೂರಿನ ಬೆಳಕು ದಕ್ಷಿಣಕ್ಕೆ, ರಾಜಹಂಸ ಏರುವುದು ಉತ್ತರಕ್ಕೆ. ಮಳೆ ಕಳೆದ ಅಕ್ಟೋಬರಿನ ಸಂಜೆ ಸಾಧಾರಣ ಬೈನಾಕ್ಯುಲರೊಂದು ಸಾಕು, ಜೊತೆಗೆ ನಕ್ಷೆ, ಪೆನ್ಸಿಲ್ಲು. ಎಸ್‌ಎಸ್ ಸಿಗ್ನಿ ಉರಿದಾಗ ಕಾಣುತ್ತದೆ. ಕಾಣದಿದ್ದರೂ ತಾರೀಖು, ಗಂಟೆ ಬರೆದಿಡಿ.