ಶುಶ್ರೂಷಾ ಪದವಿಯ ಹ್ರಸ್ವಮಾರ್ಗ



ರೋಗಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಲ್ಲುವದೆಂದು ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬಿವೇ ಆ ನಾಲ್ಕು ಪಾದಗಳು. ಪರಿಚಾರಕರಲ್ಲಿ ಇರತಕ್ಕ ಗುಣಗಳನ್ನೂ ಅಲ್ಲಿ ನಾಲ್ಕೆಂದೇ ಎಣಿಸಿರುವರು: ಉಪಚಾರದ ತಿಳಿವಳಿಕೆ, ಕೈಯ ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ. ಇವುಗಳಲ್ಲಿ ಮೊದಲನೆಯದು ಪುಸ್ತಕದಿಂದಲೂ ಗುರುಮುಖದಿಂದಲೂ ಬರಬಹುದು. ಉಳಿದ ಮೂರು ರೋಗಿಯ ಮಗ್ಗುಲಲ್ಲಿ ನಿಂತಲ್ಲದೆ ಬರತಕ್ಕವಲ್ಲ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದಿನ ವಿಷಯವು ಸುಲಭವಾಗುವದು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ತಾಲೂಕುಗಳ ಮನೆಗಳಲ್ಲಿ ಇತ್ತೀಚೆಗೆ ಒಂದು ಪ್ರಶ್ನೆಯು ಎದ್ದಿರುವದು. ಮಗಳನ್ನು ನರ್ಸಿಂಗ್ ವಿದ್ಯೆಗೆ ಕಳಿಸಬೇಕೆ ಎಂಬುದು ಈಗಿನ ಪ್ರಶ್ನೆಯಲ್ಲ. ಅದಕ್ಕೆ ಹೆಚ್ಚಿನ ಮನೆಗಳು ಒಪ್ಪಿಯಾಗಿದೆ. ಬೇಗನೆ ಮುಗಿಯುವ ಪದವಿಯೊಂದು ಇದೆಯಂತೆ, ಅದಕ್ಕೆ ಸೇರಿಸಬೇಕೋ ಬೇಡವೋ ಎಂಬುದೇ ಈಗಿನ ತೊಡಕು. ಅಮೇರಿಕಾ ದೇಶದಲ್ಲಿ ಇಂಥ ಹ್ರಸ್ವಮಾರ್ಗವು ನಿಜವಾಗಿಯೂ ಉಂಟು. ಬೇರೆ ಯಾವುದೋ ವಿಷಯದಲ್ಲಿ ಪದವಿ ಪಡೆದವರು ಅಲ್ಲಿ ಸುಮಾರು 11ರಿಂದ 18 ತಿಂಗಳೊಳಗೆ ನರ್ಸಿಂಗ್ ಪದವಿಯನ್ನು ಮುಗಿಸಬಹುದು. ದೂರದ ಸಂಬಂಧಿಕರಿಂದ ಈ ಸುದ್ದಿಯನ್ನು ಕೇಳಿ, ಬಿ.ಎಸ್‌ಸಿ. ಮುಗಿಸಿದ ಮಗಳಿಗೆ ಇಲ್ಲಿಯೂ ಅಂಥದೊಂದು ದೊರೆಯುವದೆಂದು ತಂದೆತಾಯಿಗಳು ಭ್ರಮಿಸುವರು. ಭಾರತದಲ್ಲಿ ಅದು ಇಲ್ಲ. ಇಲ್ಲಿ ರಸಾಯನಶಾಸ್ತ್ರದ ಪದವೀಧರೆಯಾದರೂ ಇತಿಹಾಸದ ಪದವೀಧರೆಯಾದರೂ ನರ್ಸಿಂಗನ್ನು ಮೊದಲಿನಿಂದಲೇ ಕಲಿಯಬೇಕು. ಒಂದು ವರ್ಷದಲ್ಲಿ ಪದವಿ ಕೊಡಿಸುವೆವೆಂದು ಹೇಳುವ ಮಧ್ಯಸ್ಥನು ಮಾರುವದು ಕಾಗದವನ್ನು; ವಿದ್ಯೆಯನ್ನಲ್ಲ.

ಹಾಗಾದರೆ ಇಲ್ಲಿ ಹ್ರಸ್ವಮಾರ್ಗವೆಂದು ಯಾವುದಕ್ಕೆ ಹೆಸರು? ಅದನ್ನು ತಿಳಿಯಬೇಕಾದರೆ ಇರುವ ದಾರಿಗಳನ್ನು ಒಮ್ಮೆ ನೋಡತಕ್ಕದ್ದು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿ, ಸಾಮಾನ್ಯ ವರ್ಗದವರಾದರೆ ನೂರಕ್ಕೆ 45 ಅಂಕ ಪಡೆದವರು ಬಿ.ಎಸ್‌ಸಿ. ನರ್ಸಿಂಗಿಗೆ ಸೇರಬಹುದು. ಅದು 4 ವರ್ಷದ್ದು. ಕಲಾ ಶಾಖೆಯಲ್ಲಿ ಓದಿದವರಿಗೆ ಆ ಬಾಗಿಲು ತೆರೆಯುವದಿಲ್ಲ, ಆದರೆ ಜಿ.ಎನ್.ಎಂ. ಎಂಬ 3 ವರ್ಷದ ಡಿಪ್ಲೊಮಾಕ್ಕೆ ಯಾವ ಶಾಖೆಯವರಿಗೂ ಅವಕಾಶವುಂಟು. ಜಿ.ಎನ್.ಎಂ. ಮುಗಿಸಿ, ನರ್ಸಿಂಗ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿದವರು ಮುಂದೆ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಎಂಬ 2 ವರ್ಷದ ಪದವಿಗೆ ಹೋಗಬಹುದು. ಜನರು ಬೇಗ ಮುಗಿಯುವ ಪದವಿ ಎನ್ನುವದು ಇದಕ್ಕೇ.

ಇಲ್ಲಿ ಬೆರಳು ಮಡಿಚಿ ಎಣಿಸಬೇಕು. 3ಕ್ಕೆ 2 ಕೂಡಿಸಿದರೆ 5. ನೇರ ದಾರಿಯು 4. ಆದ್ದರಿಂದ ಮೊದಲಿನಿಂದ ಹೊರಟವಳಿಗೆ ಹ್ರಸ್ವಮಾರ್ಗವೇ ಒಂದು ವರ್ಷ ದೀರ್ಘವಾದುದು! ಅರ್ಧದಾರಿ ನಡೆದು ನಿಂತವಳಿಗೆ ಮಾತ್ರ ಅದು ಹ್ರಸ್ವವು. ವಿಜ್ಞಾನ ಓದಿ, ಅಂಕ ಪಡೆದು, ನಾಲ್ಕು ವರ್ಷದ ವೆಚ್ಚವನ್ನು ತಾಳಬಲ್ಲ ಮನೆಯ ಹುಡುಗಿಯು ಡಿಪ್ಲೊಮಾದಿಂದ ಹೊರಟು ಪದವಿಗೆ ಸುತ್ತಿ ಬರುವದರಲ್ಲಿ ಅರ್ಥವಿಲ್ಲ. ಕಲಾ ಶಾಖೆಯಲ್ಲಿ ಓದಿದವಳಿಗೆ ಪದವಿಯ ಬೇರೆ ದಾರಿಯೇ ಇಲ್ಲ. ಅವಳಿಗೆ ಈ ಎರಡು ವರ್ಷಗಳು ದೊಡ್ಡ ಉಪಕಾರವೇ ಸರಿ.

ಕಠಿಣವಾದುದು ಮೂರನೆಯವಳ ನಿರ್ಣಯವು. ಮಸ್ಕಿಯ ಕಡೆಯ ಒಂದು ಒಕ್ಕಲುತನದ ಮನೆಯ ಮಗಳೆಂದು ಇಟ್ಟುಕೊಳ್ಳಬಹುದು. ಜಿ.ಎನ್.ಎಂ. ಮುಗಿದಿದೆ, ಸಿಂಧನೂರಿನ ಖಾಸಗೀ ಆಸ್ಪತ್ರೆಯಲ್ಲಿ ಚಾಕರಿ ಹತ್ತಿದೆ. ತಿಂಗಳ ಸಂಬಳದಲ್ಲಿ ತಮ್ಮನ ಶಾಲೆಯ ಫೀ ಸಾಗುವದು, ಅವಳ ಓದಿಗೆಂದು ಮಾಡಿದ ಸಾಲದ ಬಡ್ಡಿ ಹೋಗುವದು. ಇಂಥವಳು ಚಾಕರಿ ಬಿಟ್ಟು ಎರಡು ವರ್ಷ ಪುನಃ ವಿದ್ಯಾರ್ಥಿನಿಯಾಗಬೇಕೆ? ಮನೆಯ ಹಿರಿಯರು ಕಾಲೇಜಿನ ಶುಲ್ಕವನ್ನು ಮಾತ್ರ ಎಣಿಸುವರು. ಬಾರದೆ ಹೋಗುವ 24 ತಿಂಗಳ ಸಂಬಳವನ್ನು ಯಾರೂ ಎಣಿಸುವದಿಲ್ಲ. ವಸತಿಗೃಹದ ಊಟದ ಹಣವು ನೆನಪಿಗೆ ಬರುವದು ಮೊದಲ ಚೀಟಿ ಬಂದಾಗಲೇ. ಇವೆಲ್ಲವನ್ನು ಕೂಡಿಸಿದ ಮೊತ್ತವೇ ಆ ಪದವಿಯ ನಿಜವಾದ ಬೆಲೆಯು.

ಆ ಬೆಲೆಗೆ ದೊರೆಯುವದೇನು? ಎಂ.ಎಸ್‌ಸಿ. ನರ್ಸಿಂಗ್ ಓದಬೇಕೆಂದಿದ್ದರೆ, ನರ್ಸಿಂಗ್ ಕಾಲೇಜಿನಲ್ಲಿ ಬೋಧಕಿಯಾಗಬೇಕೆಂದಿದ್ದರೆ ಪದವಿಯು ಬೇಕೇ ಬೇಕು. ಅಲ್ಲಿ ವಿಚಾರಕ್ಕೆ ಆಸ್ಪದವಿಲ್ಲ. ಹಳ್ಳಿಗಳಲ್ಲಿ 2018ರಿಂದೀಚೆಗೆ ಉಪಕೇಂದ್ರಗಳನ್ನು ಆರೋಗ್ಯಕ್ಷೇಮ ಕೇಂದ್ರಗಳಾಗಿ ಮಾಡಿ ನೇಮಿಸಿದ ಸಮುದಾಯ ಆರೋಗ್ಯಾಧಿಕಾರಿಯ ಸ್ಥಾನಕ್ಕೂ ಪದವಿಯು ನೆರವಾಗತಕ್ಕದ್ದೇ. ಆದರೆ ರೋಗಿಯ ಬಳಿಯೇ ಕೆಲಸ ಮಾಡುವೆನೆಂಬವಳಿಗೆ ಪದವಿಯಿಲ್ಲದೆ ಗತಿಯಿಲ್ಲವೆಂಬುದು ಸುಳ್ಳು. ದೇಶದ ದೊಡ್ಡ ಆಸ್ಪತ್ರೆಗಳಾದ ಏಮ್ಸ್ ಸಂಸ್ಥೆಗಳ ನರ್ಸಿಂಗ್ ಅಧಿಕಾರಿಯ ಪರೀಕ್ಷೆಯನ್ನೇ ನೋಡಬಹುದು. ಪದವೀಧರೆಯು ಅದಕ್ಕೆ ಕೂಡ್ರಬಹುದು. ಡಿಪ್ಲೊಮಾದವಳೂ ಕೂಡ್ರಬಹುದು, ಆದರೆ ಅವಳು 50 ಹಾಸಿಗೆಗಳಿಗೆ ಕಡಿಮೆಯಿಲ್ಲದ ಆಸ್ಪತ್ರೆಯಲ್ಲಿ 2 ವರ್ಷ ದುಡಿದಿರಬೇಕು. ಪೋಸ್ಟ್ ಬೇಸಿಕ್ ಪದವಿಗೆ ಹಿಡಿಯುವದೂ 2 ವರ್ಷವೇ! ತರಗತಿಯಲ್ಲಿ ಕಳೆದ ಎರಡು ವರ್ಷಗಳನ್ನೂ ವಾರ್ಡಿನಲ್ಲಿ ಕಳೆದ ಎರಡು ವರ್ಷಗಳನ್ನೂ ಆ ಪರೀಕ್ಷೆಯು ಒಂದೇ ಬಾಗಿಲಿಗೆ ತಂದು ನಿಲ್ಲಿಸಿರುವದು. ಚರಕಾಚಾರ್ಯರು ಕಂಡಿದ್ದರೆ ಸಂತೋಷಪಡುತ್ತಿದ್ದರೇನೋ!

ಆದುದರಿಂದ ಮಸ್ಕಿಯ ಆ ಮಗಳು ತನ್ನನ್ನು ತಾನು ಕೇಳಿಕೊಳ್ಳತಕ್ಕದ್ದು ಎರಡೇ ಮಾತು. ಮುಂದೆ ಕಲಿಸುವವಳಾಗಬೇಕೋ, ಉಪಚರಿಸುವವಳಾಗಿಯೇ ಬೆಳೆಯಬೇಕೋ? ಈಗ ದುಡಿಯುವ ಸ್ಥಳವು ಕೈಗೆ ಏನಾದರೂ ಕಲಿಸುವದೋ, ಬರಿಯ ಸಲಾಯಿನ್ ಬಾಟಲಿ ಬದಲಿಸುವದರಲ್ಲಿಯೇ ದಿನ ಕಳೆಸುವದೋ? ಹತ್ತು ಹಾಸಿಗೆಯ ಚಿಕ್ಕ ಆಸ್ಪತ್ರೆಯಲ್ಲಿ ಹತ್ತು ವರ್ಷ ನಿಂತರೂ ಮೇಲಿನ ಪರೀಕ್ಷೆಯ ಲೆಕ್ಕಕ್ಕೆ ಒಂದು ದಿನವೂ ಸೇರದು. ಅಂಥಲ್ಲಿ ಸಿಕ್ಕಿದವಳು ಮೊದಲು ದೊಡ್ಡ ಆಸ್ಪತ್ರೆಗೆ ಹೋಗಲಿ, ಪದವಿಯ ವಿಚಾರವು ಆಮೇಲೆ ಬರಲಿ. ಸಾಲ ತೀರಿ ಕೈ ತುಸು ಹಗುರಾದ ಮೇಲೆ ಪದವಿಗೆ ಹೋದರೆ ನಷ್ಟವಿಲ್ಲ. ಚಾಕರಿ ಬಿಡಲಾಗದ ನರ್ಸುಗಳಿಗೋಸ್ಕರ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಇದೇ ಪದವಿಯನ್ನು 3 ವರ್ಷಕ್ಕೆ ಹಿಗ್ಗಿಸಿ ರೂಪಿಸಿದ್ದೂ ಉಂಟು.

ಅವಧಿಯನ್ನು ಕುಗ್ಗಿಸುವದರ ಬಗ್ಗೆ ಇನ್ನೊಂದು ಮಾತು. ಫ್ಲಾರೆನ್ಸ್ ನೈಟಿಂಗೇಲ್ ಎಂಬ ಆಂಗ್ಲ ಮಹಿಳೆಯು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸುಗಳ ಶಾಲೆಯನ್ನು ತೆರೆದಳು. ಶಾಲೆಯನ್ನು ಆಸ್ಪತ್ರೆಯೊಳಗೇ ತೆರೆದುದೇ ಅದರ ತಿರುಳು. ಭಾರತದಲ್ಲಿ ನರ್ಸಿಂಗ್ ಪದವಿಯ ಪಾಠವು 1946ರಲ್ಲಿ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಆರಂಭವಾಯಿತು; ಮರುವರ್ಷವೇ ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಕಾಯಿದೆಯು ಬಂದಿತು. ಅಂದಿನಿಂದಲೂ ಪಾಠದ ತಾಸುಗಳ ಜೊತೆಗೆ ವಾರ್ಡಿನ ತಾಸುಗಳನ್ನು ಗೊತ್ತುಮಾಡಿರುವದು ಸುಮ್ಮನೆ ಅಲ್ಲ. ಅಂಗರಚನೆಯನ್ನು ಚುರುಕು ಬುದ್ಧಿಯವಳು ಅರ್ಧ ಕಾಲದಲ್ಲಿ ಕಲಿತಾಳು. ನಡುರಾತ್ರಿಯಲ್ಲಿ ಬಾಣಂತಿಯ ರಕ್ತಸ್ರಾವವು ಮಿತಿ ಮೀರಿತೆಂಬುದನ್ನು ಬಟ್ಟೆಯ ಒದ್ದೆಯಿಂದ ಗುರುತಿಸುವ ಕಣ್ಣು ಅರ್ಧ ಕಾಲದಲ್ಲಿ ಬಾರದು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಕಾಲೇಜಿನ ಮೆಟ್ಟಲು ಹತ್ತಿದವರಲ್ಲ. ಸಾವಿರಾರು ಹೆರಿಗೆಗಳನ್ನು ಮಾಡಿಸಿದ ಆ ತಾಯಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಕೊನೆಗೆ ಅವರು ತೀರಿಕೊಂಡರು. ಇದರಿಂದ ಕಾಲೇಜು ಬೇಡವೆಂದು ತಿಳಿಯತಕ್ಕದ್ದಲ್ಲ. ಕೈಗೆ ಬರುವ ವಿದ್ಯೆಯು ಎಣಿಕೆಯಿಂದ ಬರುವದೆಂದಷ್ಟೇ ಅದರ ಅರ್ಥ.

ಈ ಸೀಮೆಗೆ ಅಂಥ ಕೈಗಳು ಬೇಕಾಗಿವೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದಂದಿನಿಂದ ಸಿಂಧನೂರು ಭತ್ತದ ಕಣಜವಾಯಿತು. ಅದೇ ಕೆಸರುಗದ್ದೆಯಲ್ಲಿ ಹಾವು ಕಚ್ಚಿದವನಿಗೆ ಮೊದಲ ಗಳಿಗೆಯಲ್ಲಿ ಕಟ್ಟು ಬಿಗಿಯದೆ, ಕೊಯ್ಯದೆ, ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಬೇಕೆಂದು ಬಲ್ಲವರು ಊರಲ್ಲಿ ಇರಬೇಕಲ್ಲವೆ? ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲದಾಳದಿಂದ ಚಿನ್ನ ತೆಗೆಯುವರು; ಗಣಿಯ ಕಲ್ಲುಧೂಳು ಪುಪ್ಪುಸಕ್ಕೆ ಶತ್ರುವೆಂಬುದು ಪ್ರಸಿದ್ಧವೇ. ಮಸ್ಕಿಯಂತೂ ಅಶೋಕಚಕ್ರವರ್ತಿಯ ಹೆಸರನ್ನೇ ಜಗತ್ತಿಗೆ ತೋರಿಸಿಕೊಟ್ಟ ಊರು. 1915ರಲ್ಲಿ ಅಲ್ಲಿ ಸಿಕ್ಕಿದ ಶಾಸನದಿಂದ ದೇವಾನಾಂಪ್ರಿಯನು ಯಾರೆಂಬುದು ನಿಶ್ಚಯವಾಯಿತು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆನೆಂದು ಅದೇ ರಾಜನು ಬೇರೊಂದು ಶಾಸನದಲ್ಲಿ ಹೇಳಿಕೊಂಡಿರುವನು. ಇಷ್ಟಾಗಿಯೂ ರಾತ್ರಿಪಾಳಿಯ ಹುಡುಗಿಗೆ ವರ ಸಿಗುವದಿಲ್ಲ, ಪರರ ಮಲಮೂತ್ರ ಮುಟ್ಟುವ ಕೆಲಸವೆಂದು ಮೂಗು ಮುರಿಯುವವರು ಇನ್ನೂ ಇರುವರು. ಹನ್ನೆರಡನೆಯ ಶತಮಾನದ ಶರಣರ ನಡುವೆ ವೈದ್ಯ ಸಂಗಣ್ಣನೆಂಬವನ ಕಾಯಕವು ಚಿಕಿತ್ಸೆಯೇ ಆಗಿದ್ದಿತೆಂಬುದನ್ನು ಶ್ರೀಮಠದ ಭಕ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಳಿಸುವದೆಂದು ನಿಶ್ಚಯಿಸಿದ ಮನೆಯವರು ಹಣ ಕಟ್ಟುವ ಮೊದಲು ಒಂದು ದಿನ ಬಸ್ಸು ಹತ್ತಿ ಆ ಕಾಲೇಜಿಗೆ ಹೋಗಬೇಕು. ಕಟ್ಟಡವನ್ನು ನೋಡುವದು ಸಾಲದು. ಅದರ ವಿದ್ಯಾರ್ಥಿನಿಯರು ಯಾವ ಆಸ್ಪತ್ರೆಯಲ್ಲಿ ಕಲಿಯುವರೆಂದು ಕೇಳಿ, ಆ ಆಸ್ಪತ್ರೆಗೂ ಹೋಗಿ, ಹಾಸಿಗೆಗಳ ಮೇಲೆ ರೋಗಿಗಳು ಇರುವರೋ ಇಲ್ಲವೋ ಎಂದು ಕಣ್ಣಾರೆ ಕಾಣಬೇಕು. ಆ ವರ್ಷದ ಮಟ್ಟಿಗೆ ರಾಜ್ಯದ ನರ್ಸಿಂಗ್ ಕೌನ್ಸಿಲ್ಲಿನ ಮನ್ನಣೆಯೂ, ಪದವಿಯಾದರೆ 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯೂ ಇರುವದೋ ಎಂಬುದನ್ನು ಕಾಗದದಲ್ಲಿ ಓದಬೇಕು. ಹಾಜರಿ ಬೇಡ, ಪರೀಕ್ಷೆಗೆ ಬಂದರೆ ಸಾಕು ಎಂದು ಯಾರಾದರೂ ಅಂದರೆ ಅಲ್ಲಿಂದಲೇ ತಿರುಗಿ ಬರಬೇಕು. ಮೂಲ ಅಂಕಪಟ್ಟಿಗಳನ್ನು ಕೊಟ್ಟರೆ ಕೈಬರಹದ ರಸೀದಿಯಿಲ್ಲದೆ ಕೊಡಲಾಗದು. ಸಂವಿಧಾನದ 371ಜೆ ವಿಧಿಯ ಮೇರೆಗೆ 2013ರಿಂದ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದ ಕಡೆಗಳಲ್ಲಿ ನೂರಕ್ಕೆ 8 ಸ್ಥಾನಗಳು ಈ ಸೀಮೆಯ ಮಕ್ಕಳಿಗೆ ಮೀಸಲಾಗಿವೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಪಿ.ಯು.ಸಿ. ಫಲಿತಾಂಶಕ್ಕೆ ಕಾಯದೆ, ಬೇಸಿಗೆಗೆ ಮೊದಲೇ ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದಿಟ್ಟುಕೊಂಡವರಿಗೆ ಕೊನೆಯ ದಿನದ ಓಡಾಟವು ತಪ್ಪುವದು.