ಜಾಗ ಯಾರದು, ಬಿಡಿಸುವವರು ಯಾರು?

ತರಮಣಿ, ಶೋಲಿಂಗನಲ್ಲೂರು ಕಡೆಯ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಇವತ್ತಿನ ಮಾತು. ಮನೆಯವರೂ ಕೇಳಬಹುದು, ಕಷ್ಟವೇನಿಲ್ಲ.

ನಮ್ಮ ಊರಿನ ಐಐಟಿಗೆ ಐಬಿಎಂ 370 ಕಂಪ್ಯೂಟರ್ ಬಂದದ್ದು 1973ರಲ್ಲಿ. ಆ ಕಾಲದ ಎಂಜಿನಿಯರಿಂಗ್ ಲೆಕ್ಕಗಳ ಭಾಷೆ ಫೋರ್ಟ್ರಾನ್. 1957ರಲ್ಲಿ ಬಂದ ಈ ಅಜ್ಜ ಇನ್ನೂ ಗಟ್ಟಿಯಾಗಿದ್ದಾನೆ. ಹವಾಮಾನದ ಲೆಕ್ಕಗಳಲ್ಲಿ ಇವತ್ತಿಗೂ ಅವನದೇ ಕಾರುಬಾರು. ಅವನ ಜೊತೆ ಸಿ ಭಾಷೆಯೂ ಒಂದೇ ಪ್ರೋಗ್ರಾಮಿನಲ್ಲಿ ಸಂಸಾರ ಮಾಡಬೇಕಾಗುತ್ತದೆ.

ಹತ್ತು ಸಾವಿರ ಸಾಲು, ಹತ್ತು ಸಾವಿರ ಕಂಬಗಳ ಒಂದು ಕೋಷ್ಟಕ. ಪ್ರತಿ ಸಂಖ್ಯೆಗೆ 8 ಬೈಟ್ ಎಂದರೂ 80 ಕೋಟಿ ಬೈಟ್ ಆಯಿತು. ಇಬ್ಬರಿಗೂ ಒಂದೊಂದು ಪ್ರತಿ ಕೊಡುವುದು ದುಬಾರಿ. ಆದ್ದರಿಂದ ಸಿ ಮೆಮೊರಿಯಲ್ಲಿ ಜಾಗ ಪಡೆದು, ಅದರ ವಿಳಾಸವನ್ನಷ್ಟೇ ಫೋರ್ಟ್ರಾನ್‌ಗೆ ಕೊಡುತ್ತದೆ. ಇದಕ್ಕೆ ಸರಿಯಾದ ದಾರಿ ಸಿಕ್ಕಿದ್ದು ಫೋರ್ಟ್ರಾನ್ 2003ರಲ್ಲಿ.

ತಕರಾರು ಇರುವುದು ಜಾಗ ಖಾಲಿ ಮಾಡುವಾಗ. ಸಿ ಪಡೆದ ಜಾಗದ ಲೆಕ್ಕ ಸಿಯ ಖಾತೆಯಲ್ಲಿದೆ. ಅದನ್ನು ಫೋರ್ಟ್ರಾನ್ ಬಿಡಿಸಲು ಹೋದರೆ ನಿಯಮಭಂಗ, ಪ್ರೋಗ್ರಾಮ್ ನಿಂತುಹೋಗಬಹುದು. ಕೆಲವೊಮ್ಮೆ ಏನೂ ಆಗುವುದಿಲ್ಲ, ನನಗೆ ಹೆದರಿಕೆ ಇದೇ. ಜಿಫೋರ್ಟ್ರಾನ್ ಕಂಪೈಲರ್ ಒಳಗೊಳಗೇ ಸಿಯ ಮ್ಯಾಲಾಕ್ ಅನ್ನೇ ಬಳಸುವುದರಿಂದ ತಪ್ಪು ಮುಚ್ಚಿಹೋಗಬಹುದು. ಕಂಪೈಲರ್ ಬದಲಾದ ದಿನ ಬಣ್ಣ ಬಯಲು.

ತಿರುಗುಮುರುಗಾದರೆ ಇನ್ನೂ ಮೋಸ. ಫೋರ್ಟ್ರಾನ್ ತನ್ನ ಒಂದು ಉಪಕಾರ್ಯದೊಳಗೆ ಜಾಗ ಪಡೆದು ಸಿಗೆ ವಿಳಾಸ ಕೊಟ್ಟಿತು ಎನ್ನಿ. ಉಪಕಾರ್ಯ ಮುಗಿದೊಡನೆ, ಉಳಿಸಿಕೋ ಎಂದು ಹೇಳಿರದಿದ್ದರೆ, ಫೋರ್ಟ್ರಾನ್ ತಾನಾಗಿಯೇ ಆ ಜಾಗ ಖಾಲಿ ಮಾಡಿಬಿಡುತ್ತದೆ. 1995ರ ನಿಯಮದಿಂದ ಬಂದ ಸೌಕರ್ಯ ಅದು. ಸಿಯ ಕೈಯಲ್ಲಿ ಮಾತ್ರ ಹಳೆಯ ವಿಳಾಸ. ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಇವನು ಒಳಗೆ ಹೋಗಿ ಗೋಡೆಗೆ ಸುಣ್ಣ ಬಳಿಯುತ್ತಾನೆ! ಪ್ರೋಗ್ರಾಮ್ ಬೀಳದೆ ಉತ್ತರ ಮಾತ್ರ ತಪ್ಪಬಹುದು. ಚಂಡಮಾರುತದ ದಾರಿ ಹೇಳುವ ಲೆಕ್ಕದಲ್ಲಿ ಹೀಗಾದರೆ ಕರಾವಳಿಯ ಊರಿನವರ ಗತಿ?

ಅಂದಹಾಗೆ, ಸಿ ಸೊನ್ನೆಯಿಂದ ಎಣಿಸುತ್ತದೆ, ಫೋರ್ಟ್ರಾನ್ ಸಾಮಾನ್ಯವಾಗಿ ಒಂದರಿಂದ. ಒಬ್ಬರಿಗೆ ನೆಲಮಹಡಿ, ಇನ್ನೊಬ್ಬರಿಗೆ ಅದೇ ಮೊದಲ ಮಹಡಿ. ಸಾಲು, ಕಂಬಗಳನ್ನು ಜೋಡಿಸುವ ಕ್ರಮವೂ ಅದಲುಬದಲು. ಆದರೆ ಇವು ಪರೀಕ್ಷೆಯಲ್ಲಿ ಬೇಗ ಸಿಕ್ಕಿಬೀಳುತ್ತವೆ.

ಜಾಗ ಕೊಡುವ ಕಾರ್ಯ ಬರೆದವರು ಬಿಡಿಸುವ ಕಾರ್ಯವನ್ನೂ ಅದೇ ಭಾಷೆಯಲ್ಲಿ ಬರೆದಿಡಬೇಕು. ಇನ್ನೊಂದು ಭಾಷೆ ಅದನ್ನು ಕರೆದರೆ ಸಾಕು. ಹಳೆಯ ಕೋಡ್ ಕೈಗೆ ಬಂದಾಗ ಈ ಜೋಡಿ ಇದೆಯೇ ಎಂದು ಮೊದಲು ಹುಡುಕಿ. ಇಲ್ಲವಾದರೆ ಆ ದಿನದ ಮೊದಲ ಕೆಲಸ ಅದೇ.